ಮರೆಯಾಗುವ ದನಿ: ಫಿಲಿಪ್ ಜಾಕೊತೆಯ ಕಾವ್ಯ ಮತ್ತು ಅನುವಾದ

ಅನುವಾದಿತ ಕೃತಿಯೊಂದನ್ನು ಹೊಗಳಬೇಕಾದಾಗ ನಮ್ಮ ವಿಮರ್ಶೆಯಲ್ಲಿ ಮತ್ತೆ ಮತ್ತೆ ಬಳಕೆಯಾಗುವ ಮಾತೊಂದಿದೆ: ಇದು ಅನುವಾದವೆಂದು ಎಲ್ಲಿಯೂ ಅನ್ನಿಸುವುದಿಲ್ಲ, ಕನ್ನಡದ್ದೇ ಕೃತಿಯೆಂಬಂತೆ ಓದಿಸಿಕೊಂಡು ಹೋಗುತ್ತದೆ. ಈ ಪ್ರಶಂಸೆಯ ಹಿಂದೆ ಅನುವಾದಕನು ಕಣ್ಣಿಗೆ ಬೀಳಬಾರದೆಂಬ ನಿರೀಕ್ಷೆಯಿದೆ. ಆದರೆ ಕಣ್ಣಿಗೆ ಬೀಳದಿರುವುದು ಎಂದರೇನು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಮೂಲದ ಅನ್ಯತೆಯನ್ನು ಅಡಗಿಸಿ ತನ್ನ ಭಾಷೆಯ ಸೊಗಸನ್ನು ಮೆರೆಸುವ ಅನುವಾದಕನು ತಾನು ಮರೆಯಾಗಿದ್ದಾನೆಯೋ ಅಥವಾ ಮೂಲ ಲೇಖಕನನ್ನೇ ಮರೆಗೆ ಸರಿಸಿದ್ದಾನೆಯೋ? ಎರಡೂ ಮೇಲುನೋಟಕ್ಕೆ ಒಂದೇ ರೀತಿ ಕಾಣುವುದರಿಂದ ಈ ವ್ಯತ್ಯಾಸವನ್ನು ಗುರುತಿಸುವುದು ಸುಲಭವಲ್ಲ.

ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಸ್ವಿಟ್ಜರ್ಲೆಂಡಿನ ಫ್ರೆಂಚ್ ಕವಿ ಫಿಲಿಪ್ ಜಾಕೊತೆಯ (1925–2021) ಬದುಕು ಮತ್ತು ಬರಹಗಳ ಮೂಲಕ ಪರಿಶೀಲಿಸಲು ಯತ್ನಿಸಲಾಗಿದೆ. ಆರು ದಶಕಗಳಿಗೂ ಮಿಕ್ಕಿದ ಅವಧಿಯಲ್ಲಿ ಈತ ಕಾವ್ಯವನ್ನೂ ಅನುವಾದವನ್ನೂ ಒಟ್ಟೊಟ್ಟಿಗೆ ನಡೆಸಿಕೊಂಡು ಬಂದನು. ತನ್ನನ್ನು ತಾನು ಅಳಿಸಿಕೊಳ್ಳುವುದು, ದನಿ ತಗ್ಗಿಸುವುದು, ಮಾತಿನ ಅಬ್ಬರವನ್ನು ಅನುಮಾನದಿಂದ ನೋಡುವುದು—ಇವು ಅವನ ಕಾವ್ಯದ ಲಕ್ಷಣಗಳೆಂದು ಫ್ರೆಂಚ್ ವಿಮರ್ಶೆ ಬಹುಕಾಲದಿಂದ ಗುರುತಿಸಿದೆ. ಈ ಗುಣಗಳನ್ನು ಕವಿಯ ಸ್ವಭಾವಕ್ಕೆ ಆರೋಪಿಸಿ ಸುಮ್ಮನಾಗುವುದುಂಟು. ಆದರೆ ಅವು ಬಹುಮಟ್ಟಿಗೆ ಅನುವಾದಕನ ಮೇಜಿನ ಮೇಲೆ ರೂಪುಗೊಂಡವು ಎಂಬುದು ಇಲ್ಲಿಯ ವಾದ. ಅಷ್ಟೇ ಅಲ್ಲ, ಅಳಿಸಿಕೊಳ್ಳುವಿಕೆಯೇ ಕ್ರಮೇಣ ಗುರುತು ಹಿಡಿಯಬಹುದಾದ ಒಂದು ದನಿಯಾಗಿಬಿಡುವುದು ಅನುವಾದಕನಾಗಿ ಅವನ ಶಕ್ತಿಯೂ ಹೌದು, ಮಿತಿಯೂ ಹೌದು.

ಸ್ವಿಟ್ಜರ್ಲೆಂಡಿಗೆ ಜರ್ಮನ್, ಫ್ರೆಂಚ್, ಇಟಾಲಿಯನ್ ಮತ್ತು ರೊಮಾನ್ಶ್ ಎಂಬ ನಾಲ್ಕು ರಾಷ್ಟ್ರಭಾಷೆಗಳಿವೆ. ಇವುಗಳಲ್ಲಿ ರೊಮಾನ್ಶ್‌ಗೆ ಈ ಸ್ಥಾನ ದೊರೆತುದು 1938ರ ಜನಮತದಿಂದ. ಹೊರಗಿನವರಿಗೆ ಇದು ಭಾಷೆಗಳ ಸೌಹಾರ್ದದ ನೆಲೆಯಾಗಿ ಕಾಣುವುದು ಸಹಜ. ರೊಮಾನ್ಶ್ ಒಂದನ್ನು ಬಿಟ್ಟರೆ ಉಳಿದ ಭಾಷಾವಲಯಗಳೆಲ್ಲ ದೇಶದ ಗಡಿಯಾಚೆಗಿನ ದೊಡ್ಡ ಸಾಂಸ್ಕೃತಿಕ ಕೇಂದ್ರಗಳ ಕಡೆಗೆ ಮುಖ ಮಾಡಿ ನಿಂತಿವೆ ಎಂಬುದನ್ನೂ ಇದರೊಡನೆ ಗಮನಿಸಬೇಕು. ಫ್ರೆಂಚ್ ಸ್ವಿಟ್ಜರ್ಲೆಂಡಿನ ಬರಹಗಾರನ ಪಾಲಿಗೆ ಆ ಕೇಂದ್ರ ಪ್ಯಾರಿಸ್. ಅಲ್ಲಿಯ ಮಾನ್ಯತೆ ಬೇಕು, ಆದರೆ ಅಲ್ಲಿಯ ಭಾಷೆ ಪೂರ್ತಿ ತನ್ನದಲ್ಲ ಎಂಬ ಇಕ್ಕಟ್ಟು ಅವನದು. ವೋ ಪ್ರಾಂತದ ಕಾದಂಬರಿಕಾರ ಶಾರ್ಲ್-ಫೆರ್ದಿನಾಂ ರಾಮ್ಯು (1878–1947) ಫ್ರೆಂಚನ್ನು ಕೆಟ್ಟದಾಗಿ ಬರೆಯುತ್ತಾನೆಂಬ ಆಪಾದನೆಗೆ ಗುರಿಯಾಗಿ, ತನ್ನ ನೆಲದ ಆಡುಮಾತಿನ ಲಯವನ್ನು ಸಮರ್ಥಿಸಿಕೊಂಡು ಪ್ಯಾರಿಸ್ಸಿನ ಪ್ರಕಾಶಕ ಬೆರ್ನಾರ್ ಗ್ರಾಸೆಗೆ ದೀರ್ಘ ಪತ್ರವನ್ನೇ ಬರೆಯಬೇಕಾಯಿತು. ಜಾಕೊತೆ ಬೆಳೆದುದು ಈ ಚರ್ಚೆಯ ನೆರಳಿನಲ್ಲಿ. ಆದರೆ ರಾಮ್ಯುವಿನಂತೆ ಪ್ರಾಂತೀಯ ದನಿಯನ್ನು ಎತ್ತಿ ಹಿಡಿಯುವ ದಾರಿಯನ್ನು ಅವನು ಹಿಡಿಯಲಿಲ್ಲ. ಪ್ಯಾರಿಸ್ಸಿನ ದನಿಯನ್ನೂ ತನ್ನದಾಗಿಸಿಕೊಳ್ಳಲಿಲ್ಲ.

ಜಾಕೊತೆ ಹುಟ್ಟಿದ್ದು 1925ರ ಜೂನ್ 30ರಂದು, ವೋ ಪ್ರಾಂತದ ಮೂದೋಂ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಪಶುವೈದ್ಯ. 1933ರಲ್ಲಿ ಕುಟುಂಬ ಲೋಸಾನ್ ನಗರಕ್ಕೆ ಬಂದು ನೆಲೆಸಿತು. ಲೋಸಾನ್ ವಿಶ್ವವಿದ್ಯಾಲಯದಲ್ಲಿ ಸಾಹಿತ್ಯಾಭ್ಯಾಸ ಮಾಡಿ 1946ರಲ್ಲಿ ಪದವಿ ಪಡೆದನು. ಇಷ್ಟು ವಿವರಗಳಿಗಿಂತ ಮುಖ್ಯವಾದುದು 1941ರಲ್ಲಿ, ಇನ್ನೂ ಹದಿನಾರರ ವಯಸ್ಸಿನಲ್ಲಿ, ಗುಸ್ತಾವ್ ರೂ ಎಂಬ ಕವಿಯೊಡನೆ ಆದ ಪರಿಚಯ. ರೂ (1897–1976) ಕಾರೂಜ್ ಎಂಬ ಹಳ್ಳಿಯಲ್ಲಿ ತನ್ನ ಮನೆತನದ ಹೊಲಮನೆಯಲ್ಲಿ ಬದುಕಿದವನು. ಸುತ್ತಲಿನ ಹೊಲಗಳಲ್ಲಿ ಅಲೆಯುತ್ತ, ರೈತರ ಛಾಯಾಚಿತ್ರಗಳನ್ನು ತೆಗೆಯುತ್ತ, ಗದ್ಯಕಾವ್ಯ ಬರೆಯುತ್ತ, ಅದರ ಜೊತೆಗೇ ಹೋಲ್ಡರ್ಲಿನ್, ನೊವಾಲಿಸ್, ರಿಲ್ಕೆ, ತ್ರಾಕ್ಲ್ ಮೊದಲಾದ ಜರ್ಮನ್ ಕವಿಗಳನ್ನು ಫ್ರೆಂಚಿಗೆ ತಂದವನು. ಕಾವ್ಯ ಮತ್ತು ಅನುವಾದ ಎರಡು ಬೇರೆ ಬೇರೆ ಕಸುಬುಗಳಲ್ಲ, ಒಂದೇ ಗಮನದ ಎರಡು ರೂಪಗಳು ಎಂಬ ತಿಳಿವಳಿಕೆ ಜಾಕೊತೆಗೆ ಸಿಕ್ಕಿದ್ದು ಸಿದ್ಧಾಂತದಿಂದಲ್ಲ, ಈ ಮನುಷ್ಯನ ಬದುಕಿನ ಮಾದರಿಯಿಂದ. ಇವರಿಬ್ಬರ ನಡುವಣ 1942ರಿಂದ 1976ರವರೆಗಿನ ಪತ್ರವ್ಯವಹಾರ 2002ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಗಿದೆ.

ಪದವಿಯ ವರ್ಷವೇ ಎರಡು ಪ್ರಯಾಣಗಳು ನಡೆದವು. ಒಂದು ಇಟಲಿಗೆ, ರೋಮಿನಲ್ಲಿ ಕವಿ ಜುಸೆಪ್ಪೆ ಉಂಗಾರೆತ್ತಿಯ ಭೇಟಿಯಾಯಿತು. ಇನ್ನೊಂದು ಪ್ಯಾರಿಸ್ಸಿಗೆ, ಲೋಸಾನಿನ ಪ್ರಕಾಶಕ ಆನ್ರಿ-ಲೂಯಿ ಮೆರ್ಮೊ ಅವನನ್ನು ತನ್ನ ಸಹಾಯಕನಾಗಿ ಅಲ್ಲಿಗೆ ಕಳುಹಿಸಿದ್ದನು. 1947ರಲ್ಲಿ ಮೆರ್ಮೊ ಪ್ರಕಾಶನದಿಂದ ಜಾಕೊತೆಯ ಎರಡು ಪುಸ್ತಕಗಳು ಹೊರಬಂದವು: ‘ರೆಕ್ವಿಯೆಮ್’ ಎಂಬ ದೀರ್ಘ ಕವಿತೆ ಮತ್ತು ಥಾಮಸ್ ಮಾನ್‌ನ ‘ವೆನಿಸ್ಸಿನಲ್ಲಿ ಸಾವು’ ನೀಳ್ಗತೆಯ ಅನುವಾದ. ಕವಿಯ ಮತ್ತು ಅನುವಾದಕನ ವೃತ್ತಿಗಳು ಒಂದೇ ವರ್ಷ, ಒಂದೇ ಪ್ರಕಾಶನದಿಂದ ಆರಂಭವಾದುದು ಕಾಕತಾಳೀಯವಾಗಿರಬಹುದು. ಮುಂದೆ ‘ರೆಕ್ವಿಯೆಮ್’ನ ಎತ್ತರದ ದನಿಯನ್ನು ಕವಿ ತಾನೇ ದೂರವಿಟ್ಟನು. ಯುದ್ಧಕಾಲದ ಹತ್ಯೆಗಳನ್ನು ಕುರಿತ ಆ ಕವಿತೆಯಲ್ಲಿ ತಾನು ಅನುಭವಿಸದ ನೋವಿಗೆ ತಾನು ಬಾಯಾಗಲು ಹೊರಟ ತರುಣನ ಆವೇಶವಿದೆ. ಇನ್ನೊಬ್ಬರ ದನಿಯನ್ನು ಆವಾಹಿಸಿಕೊಳ್ಳುವ ಹಕ್ಕು ಯಾರಿಗಿದೆ, ಯಾವ ಶರತ್ತಿನ ಮೇಲಿದೆ ಎಂಬ ಪ್ರಶ್ನೆ ಅವನನ್ನು ಆಮೇಲೆ ಬಿಡಲೇ ಇಲ್ಲ. ಅದು ಅನುವಾದದ ಪ್ರಶ್ನೆಯೂ ಹೌದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪ್ಯಾರಿಸ್ಸಿನಲ್ಲಿ ಫ್ರಾನ್ಸಿಸ್ ಪೋಂಜ್, ಝಾಂ ಪೋಲಾಂ ಮೊದಲಾದವರ ಒಡನಾಟ ದೊರೆಯಿತು. ತನ್ನದೇ ತಲೆಮಾರಿನ ಆಂದ್ರೆ ದ್ಯು ಬೂಶೆ, ಈವ್ ಬೊನ್ಫುವಾ ಮುಂತಾದವರು ಗೆಳೆಯರಾದರು. ಆದರೂ 1953ರಲ್ಲಿ ಚಿತ್ರಕಲಾವಿದೆ ಆನ್-ಮರಿ ಎಸ್ಲೆರ್‌ಳನ್ನು ಮದುವೆಯಾದ ಜಾಕೊತೆ, ರಾಜಧಾನಿಯನ್ನು ತೊರೆದು ದಕ್ಷಿಣ ಫ್ರಾನ್ಸಿನ ದ್ರೋಮ್ ಜಿಲ್ಲೆಯ ಗ್ರಿನ್ಯಾಂ ಎಂಬ ಊರಿಗೆ ಹೋಗಿ ನೆಲೆಸಿದನು. ಹದಿನೇಳನೆಯ ಶತಮಾನದ ಪತ್ರಲೇಖಕಿ ಮದಾಮ್ ದ ಸೆವಿನ್ಯೆ 1696ರಲ್ಲಿ ತೀರಿಕೊಂಡದ್ದು ಇಲ್ಲಿಯ ಕೋಟೆಮನೆಯಲ್ಲಿ. ಫ್ರೆಂಚ್ ಓದುಗರಿಗೆ ಊರು ಪರಿಚಿತವಾದದ್ದು ಆಕೆಯಿಂದ. ಅದೇ ವರ್ಷ ಗಾಲಿಮಾರ್ ಪ್ರಕಾಶನದಿಂದ ‘ಗೂಬೆ’ ಎಂಬರ್ಥದ ‘ಲೆಫ್ರೇ’ ಸಂಕಲನ ಪ್ರಕಟವಾಯಿತು. ಅಲ್ಲಿಂದ 2021ರ ಫೆಬ್ರವರಿ 24ರಂದು ಅದೇ ಊರಿನಲ್ಲಿ ಸಾಯುವವರೆಗೆ, ಸುಮಾರು ಅರುವತ್ತೆಂಟು ವರ್ಷ, ಅವನ ಬದುಕಿನಲ್ಲಿ ಜೀವನಚರಿತ್ರಕಾರನು ಆಸೆಪಡುವಂತಹ ಘಟನೆಗಳು ಕಡಿಮೆ. ಹಣ್ಣಿನ ತೋಟಗಳು, ಓಕ್ ಮರಗಳು, ನಡೆದಾಟ, ಟಿಪ್ಪಣಿ ಪುಸ್ತಕ. ಮತ್ತು ಪ್ರತಿದಿನದ ಅನುವಾದ.

ಪ್ರತಿದಿನದ್ದು ಎಂಬುದನ್ನು ಒತ್ತಿ ಹೇಳಬೇಕು. ಜಾಕೊತೆ ಅಧ್ಯಾಪಕನಾಗಿರಲಿಲ್ಲ, ಸಂಬಳದ ಕೆಲಸದಲ್ಲಿರಲಿಲ್ಲ. ಸಂಸಾರ ನಡೆದುದು ಅನುವಾದದಿಂದ ಮತ್ತು ಸ್ವಿಸ್ ಪತ್ರಿಕೆಗಳಿಗೂ ಪ್ಯಾರಿಸ್ಸಿನ ‘ನೂವೆಲ್ ರೆವ್ಯೂ ಫ್ರಾಂಸೇಸ್’ಗೂ ಬರೆದ ಸಾಹಿತ್ಯ ಅಂಕಣಗಳಿಂದ. ಕವಿ ಅನುವಾದ ಮಾಡುವುದು ಒಲವಿನಿಂದ ಎಂದು ನಾವು ಭಾವಿಸುವುದುಂಟು. ಒಲವಿದ್ದಿರಬಹುದು, ಜೊತೆಗೆ ಅದು ಹೊಟ್ಟೆಪಾಡಾಗಿತ್ತು ಎಂಬ ಸಂಗತಿಯನ್ನು ಮರೆತರೆ, ಈ ಅನುವಾದಗಳ ಅಗಾಧ ಗಾತ್ರವಾಗಲಿ, ಅವುಗಳ ನಡುವೆ ಕವಿತೆಗಳ ವಿರಳತೆಯಾಗಲಿ ಅರ್ಥವಾಗುವುದಿಲ್ಲ.

ಹೋಮರನ ‘ಒಡಿಸ್ಸಿ’ಯ ಅನುವಾದ 1955ರಲ್ಲಿ ಪ್ರಕಟವಾಯಿತು. ಇದರ ಛಂದಸ್ಸಿನ ಆಯ್ಕೆಯನ್ನು ಕೊಂಚ ವಿವರವಾಗಿ ನೋಡುವುದು ಅಗತ್ಯ. ಹೋಮರನ ಹೆಕ್ಸಾಮೀಟರ್ ಆರು ಗಣಗಳ ಪಾದ. ಒಂದು ಗುರು, ಎರಡು ಲಘು, ಅಂದರೆ ನಮ್ಮ ಛಂದಶ್ಶಾಸ್ತ್ರದ ಭಗಣ, ಇದರ ಮೂಲ ಘಟಕ. ಎರಡು ಲಘುಗಳ ಸ್ಥಾನದಲ್ಲಿ ಒಂದು ಗುರು ಬರಬಹುದು. ಆಗ ಪಾದದ ಅಕ್ಷರಗಳು ಹನ್ನೆರಡರಿಂದ ಹದಿನೇಳರವರೆಗೆ ಏರಿಳಿದರೂ ಗಣದ ಕಾಲಪ್ರಮಾಣ ನಾಲ್ಕು ಮಾತ್ರೆಯಾಗಿಯೇ ಉಳಿಯುತ್ತದೆ. ಕಂದಪದ್ಯದ ಚತುರ್ಮಾತ್ರಾ ಗಣಗಳ ಪರಿಚಯವುಳ್ಳ ಕನ್ನಡ ಓದುಗನಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಫ್ರೆಂಚ್ ಓದುಗನಿಗೆ ಕಷ್ಟ. ಏಕೆಂದರೆ ಫ್ರೆಂಚ್ ಛಂದಸ್ಸಿನಲ್ಲಿ ಗುರುಲಘು ಭೇದಕ್ಕೆ ಸ್ಥಾನವಿಲ್ಲ, ಅಕ್ಷರಗಳ ಎಣಿಕೆ ಮಾತ್ರ ಇದೆ. ಆ ಭಾಷೆಯ ಗಂಭೀರ ಕಾವ್ಯಕ್ಕೆ ಶತಮಾನಗಳಿಂದ ಒದಗಿ ಬಂದುದು ಹನ್ನೆರಡು ಅಕ್ಷರಗಳ ಅಲೆಕ್ಸಾಂದ್ರೆನ್ ಪಾದ.

ಜಾಕೊತೆಗಿಂತ ಮೊದಲು ಬಹುಮಾನ್ಯವಾಗಿದ್ದ ಅನುವಾದ ವಿಕ್ತೋರ್ ಬೆರಾರ್‌ನದು (1924). ಅದು ಗದ್ಯದಲ್ಲಿದ್ದರೂ ಒಳಗೆ ಅಲೆಕ್ಸಾಂದ್ರೆನ್‌ನ ಬಡಿತವಿದೆ. ಅಂದರೆ ಹೋಮರನು ಫ್ರೆಂಚ್ ಶಾಲೆಯಲ್ಲಿ ಕಲಿತ ಲಯದಲ್ಲೇ ಮಾತಾಡುತ್ತಾನೆ. ಓದುಗನ ಕಿವಿಗೆ ಮನೆಗೆ ಬಂದಂತಾಗುತ್ತದೆ. ಜಾಕೊತೆ ಆರಿಸಿಕೊಂಡದ್ದು ಪ್ರಧಾನವಾಗಿ ಹದಿನಾಲ್ಕು ಅಕ್ಷರಗಳ ಸಾಲು. ಎರಡೇ ಅಕ್ಷರಗಳ ಹೆಚ್ಚಳ ಸಣ್ಣದೆಂದು ತೋರಬಹುದು. ಆದರೆ ಹನ್ನೆರಡಕ್ಕೆ ನಿಲ್ಲುವುದನ್ನು ರೂಢಿಸಿಕೊಂಡ ಕಿವಿಗೆ ಆ ಎರಡು ಅಕ್ಷರಗಳು ಪಾದ ಮುಗಿಯಿತೆಂಬ ನೆಮ್ಮದಿಯನ್ನು ಕೊಡದೆ ಮುಂದಕ್ಕೆ ದೂಡುತ್ತವೆ. ಲಯವಿದೆ, ಆದರೆ ಪರಿಚಿತ ಲಯವಲ್ಲ. ಮೂಲದ ಛಂದಸ್ಸನ್ನು ನಕಲು ಮಾಡುವ ಹುಸಿ ಪ್ರಯತ್ನವೂ ಇಲ್ಲ, ಅದನ್ನು ಸ್ವದೇಶೀಕರಿಸುವ ಧಾರಾಳವೂ ಇಲ್ಲ. ಅನುವಾದಕನು ಮರೆಯಾಗುವ ಎರಡು ರೀತಿಗಳನ್ನು ಮೊದಲಲ್ಲಿ ಪ್ರಸ್ತಾಪಿಸಲಾಯಿತು; ಬೆರಾರ್ ಮತ್ತು ಜಾಕೊತೆ ಅವೆರಡಕ್ಕೂ ಒಳ್ಳೆಯ ನಿದರ್ಶನ. ಬೆರಾರ್‌ನಲ್ಲಿ ಮರೆಯಾಗಿರುವುದು ಹೋಮರನ ದೂರ. ಜಾಕೊತೆಯಲ್ಲಿ ಆ ದೂರ ಉಳಿದುಕೊಂಡಿದೆ.

‘ಒಡಿಸ್ಸಿ’ಯ ಬೆನ್ನಿಗೇ ಬಂದದ್ದು ಆಸ್ಟ್ರಿಯದ ರಾಬರ್ಟ್ ಮ್ಯೂಸಿಲ್‌ನ ಮಹಾಕಾದಂಬರಿ ‘ಗುಣಗಳಿಲ್ಲದ ಮನುಷ್ಯ’. ನಾಜಿ ಆಡಳಿತದಿಂದ ತಪ್ಪಿಸಿಕೊಂಡು ಸ್ವಿಟ್ಜರ್ಲೆಂಡಿಗೆ ಬಂದ ಮ್ಯೂಸಿಲ್ 1942ರ ಏಪ್ರಿಲ್ 15ರಂದು ಜಿನೀವಾದಲ್ಲಿ ತೀರಿಕೊಂಡಾಗ ಕಾದಂಬರಿ ಅಪೂರ್ಣವಾಗಿತ್ತು. ಮರುವರ್ಷ ಅವನ ಹೆಂಡತಿ ಮಾರ್ಥಾ ಉಳಿದ ಭಾಗಗಳಲ್ಲಿ ಕೆಲವನ್ನು ಲೋಸಾನಿನಲ್ಲಿ ಅಚ್ಚು ಹಾಕಿಸಿದಳು. 1952ರಲ್ಲಿ ಅಡಾಲ್ಫ್ ಫ್ರಿಝೆ ಸಂಪಾದಿಸಿದ ಆವೃತ್ತಿ ಬಂದ ಮೇಲೆಯೇ ಈ ಕೃತಿ ದೊಡ್ಡ ಪ್ರಮಾಣದಲ್ಲಿ ಓದುಗರ ಗಮನ ಸೆಳೆದುದು. 1950ರ ದಶಕದ ಉತ್ತರಾರ್ಧದಲ್ಲಿ ಪ್ಯಾರಿಸ್ಸಿನ ಸಯ್ ಪ್ರಕಾಶನ ಹೊರತಂದ ಜಾಕೊತೆಯ ಅನುವಾದದಿಂದ ಫ್ರೆಂಚ್ ಜಗತ್ತಿಗೆ ಮ್ಯೂಸಿಲ್ ಪರಿಚಿತನಾದನು. ಅಲ್ಲಿಗೂ ನಿಲ್ಲದೆ ‘ತೋರ್ಲೆಸ್’, ಸಣ್ಣ ಕಥನಗಳು, 1981ರಲ್ಲಿ ದಿನಚರಿಗಳು, ಆಮೇಲೆ ಪತ್ರಗಳು—ಮೂರು ದಶಕಗಳ ಕಾಲ ಜಾಕೊತೆ ಈ ಲೇಖಕನ ಸಂಗಡವಿದ್ದನು.

ಸ್ವಭಾವದಲ್ಲಿ ಇಷ್ಟು ದೂರವಿರುವ ಇಬ್ಬರು ಲೇಖಕರನ್ನು ಕಲ್ಪಿಸುವುದು ಕಷ್ಟ. ಮ್ಯೂಸಿಲ್ ಎಂಜಿನಿಯರಿಂಗ್ ಓದಿದವನು, ತತ್ತ್ವಶಾಸ್ತ್ರ ಬಲ್ಲವನು, ವ್ಯಂಗ್ಯಪ್ರಿಯ. ಅವನ ವಾಕ್ಯಗಳು ಪ್ರಬಂಧದಂತೆ ಕವಲೊಡೆಯುತ್ತ ಸಾಗುತ್ತವೆ. ಅವುಗಳಲ್ಲಿ ಅನುವಾದಕನನ್ನು ಕಾಡುವ ವ್ಯಾಕರಣಾಂಶವೊಂದಿದೆ. ಇನ್ನೊಬ್ಬರು ಹೇಳಿದ ಮಾತನ್ನು ತಾನು ಖಾತರಿ ನೀಡದೆ ವರದಿ ಮಾಡುವಾಗ ಜರ್ಮನ್ ಭಾಷೆ ಕ್ರಿಯಾಪದಕ್ಕೆ ಒಂದು ವಿಶಿಷ್ಟ ರೂಪವನ್ನು ಕೊಡುತ್ತದೆ. ನಮ್ಮ ‘ಬಂದನಂತೆ’, ‘ಇದೆಯಂತೆ’ ಎಂಬಲ್ಲಿಯ ‘ಅಂತೆ’ ಮಾಡುವ ಕೆಲಸಕ್ಕೆ ಅದು ಬಹಳ ಹತ್ತಿರ. ಪಾತ್ರಗಳ ಘೋಷಣೆಗಳನ್ನು ತುಸು ದೂರದಲ್ಲಿಟ್ಟು ನಗಲು ಮ್ಯೂಸಿಲ್‌ಗೆ ಈ ರೂಪ ಬೇಕೇ ಬೇಕು. ಫ್ರೆಂಚಿನಲ್ಲಿ ಅದಕ್ಕೆ ನೇರ ಸಮಾನವಿಲ್ಲ. ಭೂತಕಾಲದ ರೂಪವನ್ನೋ ಶರತ್ತಿನ ರೂಪವನ್ನೋ ಬಳಸಬೇಕು. ಎರಡಕ್ಕೂ ಬೇರೆ ಬೇರೆ ಬಣ್ಣಗಳಿವೆ. ಇಂತಹ ಕಡೆ ಆಗುವ ನಷ್ಟವನ್ನು ಅನುವಾದಕ ವಾಕ್ಯದ ಲಯದಿಂದ, ಪದಗಳ ಕ್ರಮದಿಂದ ತುಂಬಿಕೊಡಬೇಕಾಗುತ್ತದೆ.

ಶೀರ್ಷಿಕೆಯನ್ನೇ ತೆಗೆದುಕೊಳ್ಳಬಹುದು. ಜರ್ಮನ್ ಮೂಲದ ‘ಐಗೆನ್‌ಶಾಫ್ಟೆನ್’ ಎಂಬ ಪದದಲ್ಲಿ ‘ತನ್ನದು’, ‘ಸ್ವಂತ’ ಎಂಬರ್ಥದ ಧಾತು ಸೇರಿದೆ. ಗುಣವೆಂದರೆ ಒಬ್ಬನಿಗೆ ಸ್ವಂತವಾದುದು. ಜಾಕೊತೆ ಬಳಸಿದ ‘ಕಾಲಿತೆ’ ಎಂಬ ಫ್ರೆಂಚ್ ಪದದಲ್ಲಿ ಈ ‘ಸ್ವಂತ’ ಕಳೆದುಹೋಗುತ್ತದೆ. ಆದರೆ ಫ್ರೆಂಚಿನಲ್ಲಿ ‘ಕಾಲಿತೆಯ ಮನುಷ್ಯ’ ಎಂದರೆ ಕುಲೀನ, ಉನ್ನತ ವರ್ಗದವನು ಎಂಬ ಹಳೆಯ ಅರ್ಥವೂ ಇದೆ. ವಿಯೆನ್ನಾದ ಕುಲೀನರ ಸಭೆಗಳಲ್ಲಿ ನಡೆಯುವ ಈ ಕಾದಂಬರಿಗೆ ಆ ಧ್ವನಿ ವ್ಯಂಗ್ಯವಾಗಿ ಒದಗಿಬರುತ್ತದೆ. ಒಂದು ಕಡೆ ಹೋದದ್ದು ಇನ್ನೊಂದು ಕಡೆಯಿಂದ ಬೇರೆ ರೂಪದಲ್ಲಿ ಬಂದಿದೆ. ಇದನ್ನು ಅನುವಾದಕನು ಉದ್ದೇಶಿಸಿದ್ದನೆಂದು ನಾನು ಹೇಳಲಾರೆ; ಆದರೆ ಎಡಮಗ್ಗುಲಿನಿಂದ ಬಂದ ಇಂತಹ ಲಾಭಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅನುವಾದ ವಿಮರ್ಶೆ ನಷ್ಟದ ಪಟ್ಟಿಯಾಗಿಬಿಡುತ್ತದೆ. ಫ್ರಿಝೆಯ ಪರಿಷ್ಕೃತ ಆವೃತ್ತಿಯನ್ನು ಅನುಸರಿಸಿ ಝಾಂ-ಪಿಯೆರ್ ಕೊಮೆತಿ 2004ರಲ್ಲಿ ಹೊಸ ಫ್ರೆಂಚ್ ಆವೃತ್ತಿಯನ್ನು ಸಿದ್ಧಪಡಿಸಿದಾಗಲೂ ಆಧಾರವಾಗಿ ಉಳಿದದ್ದು ಜಾಕೊತೆಯ ಅನುವಾದವೇ.

ಇಷ್ಟು ದೊಡ್ಡ ಗದ್ಯದ ದುಡಿಮೆ ಕವಿಗೆ ಏನು ಮಾಡಿತು? ‘ಅರಿಯದವನು’ ಎಂಬರ್ಥದ ‘ಲಿನ್ಯೋರಾಂ’ ಸಂಕಲನ ಪ್ರಕಟವಾದುದು 1958ರಲ್ಲಿ. ಮುಂದಿನ ಮುಖ್ಯ ಕವನಸಂಕಲನ ‘ಎರ್’ 1967ರಲ್ಲಿ. ನಡುವೆ ಒಂಬತ್ತು ವರ್ಷಗಳ ಅಂತರ. ಈ ಅವಧಿಯಲ್ಲಿ 1961ರಲ್ಲಿ ಎರಡು ಗದ್ಯಕೃತಿಗಳು ಬಂದವು. ‘ಕತ್ತಲು’ ಎಂಬ ಕಥನದಲ್ಲಿ ಶಿಷ್ಯನೊಬ್ಬ ತನ್ನ ಗುರುವನ್ನು ಹುಡುಕಿಕೊಂಡು ಬಂದು ಅವನು ಸಂಪೂರ್ಣ ನಿರಾಶೆಯಲ್ಲಿ ಕುಸಿದಿರುವುದನ್ನು ಕಾಣುತ್ತಾನೆ. ಮತ್ತೊಂದು ‘ಕನಸೊಂದರ ಅಂಶಗಳು’. ಇದರಲ್ಲಿ ಮ್ಯೂಸಿಲ್‌ನ ಕಾದಂಬರಿಯೊಡನೆ ನಡೆಸಿದ ಮನನದಿಂದ ಹುಟ್ಟಿದ ಬರಹವಿದೆ. ಅನುವಾದಿತ ಲೇಖಕ ಅನುವಾದಕನ ಚಿಂತನೆಯೊಳಕ್ಕೆ ಇಳಿದು ಅಲ್ಲಿಯೇ ವಾದ ಹೂಡಿದ್ದಾನೆ. ಕವಿತೆಯ ಮೌನಕ್ಕೆ ಮ್ಯೂಸಿಲ್ ಒಬ್ಬನೇ ಕಾರಣನೆಂದರೆ ಅತಿಸರಳವಾದೀತು. ಆದರೆ ಎಲ್ಲವನ್ನೂ ಅನುಮಾನಿಸುವ ಆ ಬುದ್ಧಿಯ ಸಂಗದಲ್ಲಿ ವರ್ಷಗಟ್ಟಲೆ ಕಳೆದವನು ಸುಲಭವಾಗಿ ಹಾಡಲಾರ ಎಂಬುದನ್ನು ಒಪ್ಪಬಹುದು.

ಹಾಡು ಮರಳಿದ್ದು ಅನಿರೀಕ್ಷಿತ ದಿಕ್ಕಿನಿಂದ. 1960ರಲ್ಲಿ ಜಾಕೊತೆಗೆ ಆರ್. ಎಚ್. ಬ್ಲೈತ್‌ನ ನಾಲ್ಕು ಸಂಪುಟಗಳ ಜಪಾನಿ ಹಾಯ್ಕು ಸಂಕಲನ ಇಂಗ್ಲಿಷಿನಲ್ಲಿ ದೊರೆಯಿತು. ಅವನಿಗೆ ಜಪಾನಿ ಭಾಷೆ ತಿಳಿಯದು; ಇಂಗ್ಲಿಷಿನ ಮೂಲಕವೇ ಅವುಗಳನ್ನು ಫ್ರೆಂಚಿಗೆ ತಂದನು. ಮುಂದೆ 1996ರಲ್ಲಿ ಇವು ಪುಟ್ಟ ಪುಸ್ತಕವಾಗಿಯೂ ಪ್ರಕಟವಾದವು. ಮಧ್ಯವರ್ತಿ ಭಾಷೆಯಿಂದ ಮಾಡುವ ಅನುವಾದವನ್ನು ಎರಡನೆಯ ದರ್ಜೆಯದೆಂದು ತಳ್ಳಿಹಾಕುವ ಮಡಿವಂತಿಕೆಗೆ ಇಲ್ಲಿ ಉತ್ತರವಿದೆ. ‘ಎರ್’ ಸಂಕಲನದ ಕವಿತೆಗಳು ಅತಿ ಚಿಕ್ಕವು. ಫ್ರೆಂಚಿನಲ್ಲಿ ಆ ಪದಕ್ಕೆ ಗಾಳಿ ಎಂದೂ ಹಾಡಿನ ಮಟ್ಟು ಎಂದೂ ಎರಡರ್ಥ. ಹಾಯ್ಕುವಿನ ಅಕ್ಷರಸಂಖ್ಯೆಯನ್ನಾಗಲಿ ಋತುಸೂಚಕ ಪದಗಳನ್ನಾಗಲಿ ಕವಿ ಅನುಕರಿಸುವುದಿಲ್ಲ. ಉಪಮೆ, ರೂಪಕಗಳಿಗೆ ಕೈಚಾಚದೆ ಕಂಡದ್ದನ್ನು ಕಂಡ ಹಾಗೆ ಹೆಸರಿಸಿ ಸುಮ್ಮನಾಗುವ ಧೈರ್ಯವನ್ನು ಅಲ್ಲಿಂದ ಪಡೆದಿದ್ದಾನೆ. ಮ್ಯೂಸಿಲ್‌ನ ಸಾವಿರಾರು ಪುಟಗಳ ಎದುರು ಈ ನಾಲ್ಕಾರು ಸಾಲುಗಳು: ಒಂದು ಅನುವಾದ ಬಿಗಿದುದನ್ನು ಇನ್ನೊಂದು ಅನುವಾದ ಸಡಿಲಿಸಿದಂತಿದೆ.

1969ರ ‘ಪಾಠಗಳು’ ಹೆಂಡತಿಯ ತಂದೆಯ ಸಾವನ್ನು ಕುರಿತದ್ದು; 1974ರ ‘ಕೆಳಗಿನ ಹಾಡುಗಳು’ ತಾಯಿಯ ಸಾವಿನ ತರುವಾಯದ್ದು. ಇವೆರಡನ್ನೂ ಒಳಗೊಂಡ, ‘ಪಾಠಗಳು’ ಪರಿಷ್ಕೃತ ರೂಪದಲ್ಲಿರುವ ‘ಚಳಿಗಾಲದ ಬೆಳಕಿನಲ್ಲಿ’ 1977ರಲ್ಲಿ ಬಂತು. ಸಾಯುತ್ತಿರುವ ದೇಹದ ಎದುರು ಕವಿಯ ಚಿತ್ರಗಳು, ಪ್ರತಿಮೆಗಳು ನಾಚಿಕೆಗೇಡೆನ್ನಿಸುವ ಸ್ಥಿತಿ ಇಲ್ಲಿಯ ವಸ್ತು. ಮಾತು ಎಷ್ಟು ಸುಲಭ, ಎಷ್ಟು ಅಗ್ಗ ಎಂಬ ಕಹಿ ಮತ್ತೆ ಮತ್ತೆ ಬರುತ್ತದೆ. ‘ರೆಕ್ವಿಯೆಮ್’ ಬರೆದ ತರುಣನಿಗೆ ಈ ಕವಿ ಕೊಟ್ಟ ಉತ್ತರವೆಂದು ಇವನ್ನು ಓದಬಹುದು. ನನ್ನ ದೃಷ್ಟಿಯಲ್ಲಿ ಜಾಕೊತೆಯ ಅತ್ಯುತ್ತಮ ಕಾವ್ಯ ಇದೇ. ಇನ್ನೊಬ್ಬರ ನೋವಿಗೆ ತಾನು ಬಾಯಾಗಲಾರೆ, ಆದರೆ ಬಿಟ್ಟು ಹೋಗಲೂ ಆರೆ. ಪಕ್ಕದಲ್ಲಿ ನಿಂತು ಆದಷ್ಟು ಕಡಿಮೆ ಸುಳ್ಳು ಹೇಳುತ್ತೇನೆ ಎಂಬ ನಿಲುವು ಇಲ್ಲಿದೆ. ಮೂಲದ ಪಕ್ಕದಲ್ಲಿ ನಿಲ್ಲುವ ಅನುವಾದಕನ ನಿಲುವೂ ಇದಕ್ಕಿಂತ ಬೇರೆಯಲ್ಲ.

‘ಅರಿಯದವನು’ ಸಂಕಲನದ ಕವಿತೆಯೊಂದರಲ್ಲಿ ಬರುವ ‘ಎಫಾಸ್ಮಾಂ’, ಅಂದರೆ ಅಳಿಸಿಕೊಳ್ಳುವಿಕೆ, ಎಂಬ ಪದ ಜಾಕೊತೆಯನ್ನು ಕುರಿತ ಬರಹಗಳಲ್ಲೆಲ್ಲ ಕಾಣಿಸಿಕೊಳ್ಳುತ್ತದೆ. ಇದಕ್ಕೆ ಒಂದು ಆಕ್ಷೇಪವನ್ನು ಎತ್ತಲೇಬೇಕು. ಎಲ್ಲ ಲೇಖಕರ ಮುಂದೆಯೂ ದನಿ ತಗ್ಗಿಸುವ ಅನುವಾದಕನ ಕೈಯಲ್ಲಿ ಎಲ್ಲ ಲೇಖಕರೂ ದನಿ ತಗ್ಗಿಸಿಯೇ ಮಾತಾಡತೊಡಗುವುದಿಲ್ಲವೆ? ಹೋಲ್ಡರ್ಲಿನ್‌ನ ಆರ್ತ ಕೂಗು, ಮಾಂಡೆಲ್‌ಸ್ಟಾಮ್‌ನ ಒರಟು, ತಟ್ಟನೆ ಹಾರುವ ಪ್ರತಿಮೆಗಳು ಈ ಮೆಲುದನಿಯಲ್ಲಿ ನುಣುಪಾಗುವ ಅಪಾಯವಿದೆ. ಸ್ವಿಸ್, ಫ್ರೆಂಚ್ ಓದುಗರು ಅವನ ಅನುವಾದಗಳನ್ನು ಮೆಚ್ಚುವಾಗ ಮೆಚ್ಚುತ್ತಿರುವುದು ಕೆಲವೊಮ್ಮೆ ಜಾಕೊತೆಯನ್ನೇ. ಮರೆಯಾಗುವ ಅನುವಾದಕನಿಗೂ ಒಂದು ಶೈಲಿಯಿದೆ. ಮರೆಯಾಗುವುದೇ ಆ ಶೈಲಿ.

ಜಾಕೊತೆಗೆ ಈ ಅಪಾಯದ ಅರಿವಿತ್ತೆಂದು ನಂಬಲು ಅವನ ಕೆಲಸದಲ್ಲಿಯೇ ಆಧಾರಗಳಿವೆ. 1967ರಲ್ಲಿ ಗಾಲಿಮಾರ್ ಪ್ರಕಾಶನದ ಪ್ರತಿಷ್ಠಿತ ಪ್ಲೇಯಾದ್ ಮಾಲೆಗೆ ಹೋಲ್ಡರ್ಲಿನ್ ಸಂಪುಟವನ್ನು ಸಿದ್ಧಪಡಿಸಿದಾಗ ಅವನು ಅದನ್ನು ತನ್ನೊಬ್ಬನ ಅನುವಾದಗಳಿಂದ ತುಂಬಲಿಲ್ಲ. ‘ಹೈಪೀರಿಯನ್’ ಕಾದಂಬರಿಯನ್ನು ತಾನು ಅನುವಾದಿಸಿದನು. ಕವಿತೆಗಳಿಗೆ ಗುಸ್ತಾವ್ ರೂ, ಆಂದ್ರೆ ದ್ಯು ಬೂಶೆ ಮೊದಲಾದ ಹಲವರ ದನಿಗಳನ್ನು ಒಟ್ಟುಗೂಡಿಸಿದನು. ಕಾರೂಜ್ ಹಳ್ಳಿಯ ಗುರುವಿನ ಅನುವಾದ ಹೀಗೆ ಪ್ಯಾರಿಸ್ಸಿನ ಅತಿ ದೊಡ್ಡ ಮಾಲೆಯಲ್ಲಿ ಸೇರಿತು. ಮಾಂಡೆಲ್‌ಸ್ಟಾಮ್‌ನ ವಿಷಯದಲ್ಲಿಯೂ ಹಾಗೆಯೇ. ಜಿನೀವಾದ ಲಾ ದೊಗಾನಾ ಪ್ರಕಾಶನ 1994ರಲ್ಲಿ ತಂದ ಸಂಕಲನದಲ್ಲಿ ಲೂಯಿ ಮಾರ್ತಿನೆಸ್ ಮತ್ತು ಝಾಂ-ಕ್ಲೋದ್ ಶ್ನೇದೆರ್ ಅವನ ಜೊತೆಗಿದ್ದಾರೆ. ಉಂಗಾರೆತ್ತಿಯದಂತೂ ಬೇರೆಯದೇ ಸಂದರ್ಭ. ಅಲೆಗ್ಸಾಂಡ್ರಿಯದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಓದಿ, ಫ್ರೆಂಚಿನಲ್ಲಿಯೂ ಕವಿತೆ ಬರೆದಿದ್ದ ಆತ ತನ್ನ ಅನುವಾದವನ್ನು ತಾನೇ ತೂಗಿ ನೋಡಬಲ್ಲವನಾಗಿದ್ದನು. 1970ರಲ್ಲಿ ಅವನು ಸಾಯುವವರೆಗೆ ನಡೆದ ಪತ್ರವ್ಯವಹಾರ 2008ರಲ್ಲಿ ಪ್ರಕಟವಾಗಿದೆ. ಅನುವಾದಕನ ದನಿಯನ್ನು ತಿದ್ದಬಲ್ಲ ಮೂಲ ಲೇಖಕ ಎದುರಿಗಿರುವುದು ಎಲ್ಲರಿಗೂ ಸಿಗುವ ಭಾಗ್ಯವಲ್ಲ.

ಆಕ್ಷೇಪಕ್ಕೆ ನಿಜವಾದ ಉತ್ತರ ಸಿಗುವುದು ಇನ್ನೊಂದು ಕಡೆ. 1984ರಲ್ಲಿ ಜಾಕೊತೆ ಸ್ಪೇನಿನ ಗೊಂಗೊರನ ‘ಏಕಾಂತಗಳು’ ಕಾವ್ಯದ ಅನುವಾದವನ್ನು ಪ್ರಕಟಿಸಿದನು. ಹದಿನೇಳನೆಯ ಶತಮಾನದ ಆರಂಭದ ಈ ಕವಿ ಅಲಂಕಾರದ ದಟ್ಟಣೆಗೆ, ಲ್ಯಾಟಿನ್ ಮಾದರಿಯ ತಿರುಚಿದ ಅನ್ವಯಕ್ಕೆ ಹೆಸರಾದವನು. ರೂಪಕದ ಮೇಲೆ ರೂಪಕವನ್ನು ಪೇರಿಸುವವನು. ಪ್ರೌಢಕಾವ್ಯದ ಶ್ಲೇಷೆ, ದೂರಾನ್ವಯಗಳನ್ನು ಬಿಡಿಸಿ ಓದಿ ಬಲ್ಲ ನಮಗೆ ಈ ಬಗೆಯ ಕಾವ್ಯ ತೀರ ಅಪರಿಚಿತವಲ್ಲ. ತನ್ನ ಕವಿತೆಯಲ್ಲಿ ಒಂದು ಉಪಮೆಯನ್ನು ಬರೆದು ಅದನ್ನು ಮತ್ತೆ ಹೊಡೆದುಹಾಕುವ ಕವಿ ಇಂತಹವನನ್ನು ಏಕೆ ಆರಿಸಿಕೊಂಡನು? ಉಂಗಾರೆತ್ತಿಯೂ ಗೊಂಗೊರನನ್ನು ಇಟಾಲಿಯನ್ನಿಗೆ ತಂದಿದ್ದನೆಂಬುದು ಒಂದು ಸುಳಿವು. ಆದರೆ ಅಷ್ಟು ಸಾಲದು. ತನ್ನ ದನಿಯಲ್ಲಿ ಹೇಳಲು ತಾನೇ ನಿಷೇಧಿಸಿಕೊಂಡದ್ದನ್ನು ಇನ್ನೊಬ್ಬನ ದನಿಯಲ್ಲಿ ಹೇಳಲು ಅನುವಾದ ಅವಕಾಶ ಕೊಡುತ್ತದೆ. ಸ್ವಂತ ಕಾವ್ಯದಲ್ಲಿ ವೈಭವಕ್ಕೆ ಬಾಗಿಲು ಮುಚ್ಚಿದವನು ಅನುವಾದದಲ್ಲಿ ಅದನ್ನು ಒಳಗೆ ಕರೆದಿದ್ದಾನೆ. ಈ ಅರ್ಥದಲ್ಲಿ ಅಳಿಸಿಕೊಳ್ಳುವಿಕೆಯೆಂದರೆ ಬಡತನವಲ್ಲ; ತನ್ನಲ್ಲಿ ಇಲ್ಲದ್ದಕ್ಕೆ ಜಾಗ ಮಾಡಿಕೊಡುವುದು. ಗೊಂಗೊರನ ಅನುವಾದವನ್ನು ಬಿಟ್ಟು ಜಾಕೊತೆಯ ಕಾವ್ಯವನ್ನಷ್ಟೇ ಓದಿದವನಿಗೆ ಅರ್ಧ ಕವಿ ಮಾತ್ರ ಸಿಕ್ಕಂತಾಯಿತು.

ಗೌರವಗಳಿಗೆ ಕೊರತೆಯಿರಲಿಲ್ಲ. 1966ರಲ್ಲಿ ಜರ್ಮನಿಯ ಅನುವಾದ ಪ್ರಶಸ್ತಿ ದೊರೆಯಿತು. ಅದು ಹೋಮರನನ್ನು ಜರ್ಮನ್ನಿಗೆ ತಂದ ಯೋಹಾನ್ ಹೈನ್ರಿಶ್ ಫಾಸ್‌ನ ಹೆಸರಿನದು ಎಂಬುದು ‘ಒಡಿಸ್ಸಿ’ಯ ಫ್ರೆಂಚ್ ಅನುವಾದಕನಿಗೆ ಸಂತೋಷ ತಂದಿರಬೇಕು. 1987ರಲ್ಲಿ ಫ್ರಾನ್ಸಿನ ರಾಷ್ಟ್ರೀಯ ಅನುವಾದ ಪ್ರಶಸ್ತಿ, 2003ರಲ್ಲಿ ಕಾವ್ಯಕ್ಕಾಗಿ ಗೋಂಕೂರ್, 2010ರಲ್ಲಿ ಸ್ವಿಟ್ಜರ್ಲೆಂಡಿನ ಷಿಲ್ಲರ್ ಮಹಾಪ್ರಶಸ್ತಿ ಬಂದವು. ಜರ್ಮನ್, ಇಟಾಲಿಯನ್, ಸ್ಪ್ಯಾನಿಶ್, ರಷ್ಯನ್ ಮತ್ತು ಚೆಕ್ ಭಾಷೆಗಳಿಂದ ತಾನು ಅನುವಾದಿಸಿದ ಕವಿತೆಗಳಲ್ಲಿ ಆಯ್ದವನ್ನು 1997ರಲ್ಲಿ ‘ಐದು ತಂತಿಗಳ ಲೈರ್‌ನಿಂದ’ ಎಂಬ ಹೆಸರಿನಲ್ಲಿ ಸೇರಿಸಿ ಪ್ರಕಟಿಸಿದನು. ಅನುವಾದಗಳಿಗೆ ಸ್ವಂತ ಕವನಸಂಕಲನದ ರೂಪವನ್ನೇ ಕೊಟ್ಟ ಪುಸ್ತಕವಿದು.

2014ರಲ್ಲಿ ಜಾಕೊತೆಯ ಸ್ವಂತ ಕೃತಿಗಳೂ ಪ್ಲೇಯಾದ್ ಮಾಲೆಯಲ್ಲಿ ಬಂದವು. ಲೇಖಕನು ಬದುಕಿರುವಾಗಲೇ ಈ ಮಾಲೆಗೆ ಸೇರುವುದು ಅಪರೂಪ. ಕವಿತೆ, ಕಾವ್ಯಮಯ ಗದ್ಯ, ಟಿಪ್ಪಣಿ ಪುಸ್ತಕಗಳು ಅದರಲ್ಲಿವೆ. ಅನುವಾದಗಳಿಲ್ಲ. ಅವನ್ನೂ ಸೇರಿಸಿದರೆ ಸಂಪುಟ ಹಲವು ಪಟ್ಟು ಬೆಳೆಯುತ್ತದೆಂಬ ಪ್ರಾಯೋಗಿಕ ಕಾರಣವನ್ನು ಅಲ್ಲಗಳೆಯಲಾಗದು. ಆದರೂ ಬದುಕಿನ ಹಗಲುಗಳಲ್ಲಿ ಹೆಚ್ಚಿನವು ಸಂದದ್ದು ಎಲ್ಲಿಗೋ ಅದೇ ‘ಕೃತಿಗಳು’ ಎಂಬ ಶೀರ್ಷಿಕೆಯ ಹೊರಗೆ ಉಳಿದಿದೆ. ಆ ಸಂಪುಟಕ್ಕೆ ಆರು ವರ್ಷ ಮೊದಲು, ಎಂಬತ್ತು ದಾಟಿದ ಮೇಲೆ, ಜಾಕೊತೆ ರಿಲ್ಕೆಯ ‘ದುಯಿನೋ ಶೋಕಗೀತೆ’ಗಳ ಅನುವಾದವನ್ನು ಪ್ರಕಟಿಸಿದ್ದನು. ರಿಲ್ಕೆ ಆ ಗೀತೆಗಳನ್ನು ಪೂರ್ಣಗೊಳಿಸಿದ್ದು 1922ರ ಫೆಬ್ರವರಿಯಲ್ಲಿ, ಸ್ವಿಟ್ಜರ್ಲೆಂಡಿನ ವಾಲೆ ಪ್ರಾಂತದ ಮ್ಯುಜೋ ಎಂಬಲ್ಲಿಯ ಹಳೆಯ ಗೋಪುರಮನೆಯಲ್ಲಿ, ಜಾಕೊತೆ ಹುಟ್ಟುವ ಮೂರು ವರ್ಷ ಮುಂಚೆ. ಲಾ ದೊಗಾನಾ ಪ್ರಕಟಿಸಿದ ಆ ತೆಳ್ಳನೆಯ ಪುಸ್ತಕವನ್ನು, ಮ್ಯೂಸಿಲ್ ಹಾಗೂ ಹೋಮರರ ಅನುವಾದಗಳಂತೆಯೇ, ಓದುಗನು ಈಗಲೂ ಬೇರೆಯಾಗಿಯೇ ಹುಡುಕಿಕೊಳ್ಳಬೇಕು.